ಎಡಗಡೆಯ ನಗು

ಬಾಯಿ ಮುಕ್ಕಳಿಸಲು ಹಾಕಿಕೊಂಡ ನೀರು ಉಗುಳುವ ಮೊದಲೇ ಸೋರಿಹೋದರೆ ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ನಾನೂ ಎಣಿಸಲಿಲ್ಲ. ಈಸ್ಟರಿಗೆ ಮುಂಚಿನ ನಮ್ಮ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಕಳೆದು ಒಂದು ವಾರವಾಗಿತ್ತು. ಕುರುಬರಹಳ್ಳಿಯ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಹಲ್ಲುಜ್ಜಿ ಬಾಯಿಗೆ ನೀರು ಹಾಕಿಕೊಂಡೆ. ಅದು ಎಡಗಡೆಯಿಂದ ನೈಟಿಯ ಮೇಲೆ ಇಳಿಯಿತು. ನಿದ್ದೆಗಣ್ಣು ಎಂದುಕೊಂಡು ಇನ್ನೊಮ್ಮೆ ಹಾಕಿಕೊಂಡೆ, ಅದೂ ಇಳಿಯಿತು. ಅಡುಗೆಮನೆಗೆ ಬಂದು ಕಾಫಿ ಕುಡಿದರೆ ಕಾಫಿಯೂ ಅದೇ ದಾರಿ ಹಿಡಿಯಿತು. ನನ್ನ ಗಂಡ ಪೇಪರಿನಿಂದ ತಲೆಯೆತ್ತಿ ನೋಡಿ, ಬೆಳಗ್ಗೆ ಬೆಳಗ್ಗೆ ಯಾರನ್ನು ಅಣಕಿಸುತ್ತಿದ್ದೀಯ ಎಂದು ಕೇಳಿದರು.

ಅವರು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ, ನಾನು ಅಣಕಿಸುವವಳೇ. ಗೋವಿಂದರಾಜನಗರದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ತಪ್ಪು ಉಚ್ಚಾರ ಕಿವಿಗೆ ಬಿದ್ದರೆ ಸಾಕು, ಮನೆಗೆ ಬಂದು ಅದನ್ನು ಹಾಗೆಯೇ ಮಾಡಿ ತೋರಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಹೆಸರು ಜಸಿಂತಾ ಎಂದು ತಿಳಿದ ಕೂಡಲೇ ಜನ, ನೀವು ಕ್ರಿಶ್ಚಿಯನ್ ಅಲ್ವಾ, ಕನ್ನಡ ಇಷ್ಟು ಚೆನ್ನಾಗಿ ಹೇಗೆ ಮಾತಾಡ್ತೀರ ಎಂದು ಕೇಳುತ್ತಾರೆ. ನಮ್ಮ ಮುತ್ತಜ್ಜನೂ ಕನ್ನಡದಲ್ಲೇ ಜಪ ಮಾಡಿದವನು ಎಂದು ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಆ ಪ್ರಶ್ನೆ ಕೇಳಿಸಿಕೊಂಡಷ್ಟೂ ನನ್ನ ಉಚ್ಚಾರ ಇನ್ನಷ್ಟು ಚೊಕ್ಕಟವಾಗುತ್ತ ಹೋಯಿತು, ಜಂಬವೂ ಅದರ ಜೊತೆಗೇ ಬೆಳೆಯಿತು.

ಬಚ್ಚಲ ಕನ್ನಡಿಯಲ್ಲಿ ನೋಡಿದಾಗ ಮುಖದ ಎಡಭಾಗ ಸತ್ತಂತೆ ಇಳಿದಿತ್ತು. ಬಲಭಾಗ ತುಟಿಯನ್ನು ತನ್ನ ಕಡೆಗೆ ಎಳೆದುಕೊಂಡು ನಗುತ್ತಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಗಂಡನನ್ನು ಕರೆದೆ. 'ರೀ' ಎಂಬುದು ಮಾತ್ರ ಸರಿಯಾಗಿ ಬಂತು. ನೋಡಿದವರೇ ಆಟೋ ಹಿಡಿಯಲು ಬರಿಗಾಲಲ್ಲಿ ಓಡಿದರು.

ರಾಜಾಜಿನಗರದ ಕಡೆಯ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕುಳಿತೆವು. ಇದು ಲಕ್ವ ಎಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಕೈಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡುತ್ತಿದ್ದೆ, ಕಾಲಿನ ಬೆರಳು ಅಲ್ಲಾಡಿಸುತ್ತಿದ್ದೆ. ನನ್ನ ಗಂಡನ ಹೆಸರು ಆರೋಗ್ಯರಾಜ್. ಕೌಂಟರಿನಲ್ಲಿ ಜಸಿಂತಾ ಆರೋಗ್ಯರಾಜ್ ಎಂದು ಬರೆದುಕೊಂಡ ಹುಡುಗಿ, ರೋಗಿ ಹೆಸರು ಆರೋಗ್ಯನಾ ಎಂದು ಎರಡು ಸಲ ಕೇಳಿದಳು. ಬೇರೆ ದಿನವಾಗಿದ್ದರೆ ಇದನ್ನು ಒಂದು ತಿಂಗಳು ಹೇಳಿಕೊಂಡು ನಗುತ್ತಿದ್ದೆ. ಆವತ್ತು ನನಗೆ ಅಳು ಬಂತು, ಒಂದೇ ಕಣ್ಣಿಂದ.

ಪಕ್ಕದ ಕುರ್ಚಿಯಲ್ಲಿ ಒಬ್ಬರು ನನ್ನನ್ನೇ ನೋಡುತ್ತಿದ್ದರು. ತಿರುಗಿ ನೋಡಿದರೆ ಅವರ ಮುಖವೂ ಸೊಟ್ಟ, ಆದರೆ ಅವರದು ಬಲಭಾಗ ಇಳಿದಿತ್ತು. ಕೆಂಗೇರಿ ಕಡೆ ಬಸ್ ಓಡಿಸುವವರಂತೆ, ಎರಡನೇ ಸಲ ತೋರಿಸಲು ಬಂದಿದ್ದರಂತೆ.

"ನಂದು ಬಲ, ನಿಮ್ದು ಎಡ ಮೇಡಂ. ಇಬ್ರೂ ಸೇರುದ್ರೆ ಒಂದ್ ಒಳ್ಳೆ ಮುಖ," ಅಂದರು.

ನನಗೆ ನಗು ಬಂತು, ಅವರಿಗೂ ಬಂತು. ಎದುರು ಕುಳಿತ ಹೆಂಗಸು ಮುಖ ತಿರುಗಿಸಿಕೊಂಡಳು. ಆ ಕಾಯಿಲೆಯ ಮೂರು ತಿಂಗಳಲ್ಲಿ ನನಗೆ ಅಷ್ಟು ನೆಮ್ಮದಿ ಕೊಟ್ಟ ಮಾತು ಬೇರೆ ಇಲ್ಲ. ಅವರ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂಬ ಬೇಸರ ಇನ್ನೂ ಇದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹುಬ್ಬು ಹಾರಿಸಿ, ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಹಲ್ಲು ತೋರಿಸಿ, ಸಿಳ್ಳೆ ಹೊಡೆಯಿರಿ ಅಂದರು. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಮಾಡಬೇಡಿ ಎಂದು ಹೇಳಿದ್ದನ್ನೆಲ್ಲ ನನ್ನಿಂದ ಮಾಡಿಸಲು ನೋಡಿದರು, ಒಂದೂ ಸರಿಯಾಗಿ ಬರಲಿಲ್ಲ. ಸ್ಟ್ರೋಕ್ ಅಲ್ಲ, ಮುಖದ ನರ ಊದಿಕೊಂಡಿದೆ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಲ್ಲವೇ ತಿಂಗಳುಗಳಲ್ಲಿ ಸರಿಹೋಗುತ್ತದೆ ಅಂದರು. ಉಳಿದವರಿಗೆ ಎಂದು ನನ್ನ ಗಂಡ ಕೇಳಿದರು. ಸೊಟ್ಟ ಸ್ವಲ್ಪ ಉಳಿದುಕೊಳ್ಳಬಹುದು ಅಂದರು. ಯಾಕೆ ಬಂತು ಎಂದು ಕೇಳಿದ್ದಕ್ಕೆ ಖಚಿತವಾಗಿ ಹೇಳಲಾಗುವುದಿಲ್ಲ ಅಂದರು. ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಮಲಗುವಾಗ ಕಣ್ಣಿನ ಮೇಲೆ ಅಂಟಿಸಿಕೊಳ್ಳಲು ಟೇಪು ಬರೆದುಕೊಟ್ಟರು.

ಡಾಕ್ಟರಿಗೆ ಗೊತ್ತಿಲ್ಲದ ಕಾರಣ ಉಳಿದವರಿಗೆಲ್ಲ ಗೊತ್ತಿತ್ತು. ಕೆಳಗಿನ ಮನೆಯ ಜಯಮ್ಮನವರು, ನಮ್ಮ ಮನೆ ಓನರ್, ಬಸ್ಸಿನ ಕಿಟಕಿಯ ಗಾಳಿ ಹೊಡೆದಿದೆ ಅಂದರು. ಆರೋಗ್ಯ ಮನೆಯಲ್ಲೇ ಇದ್ದೂ ಹಿಂಗಾಯ್ತಲ್ಲ ಎಂಬ ಮಾತನ್ನೂ ಸೇರಿಸಿದರು. ಶಾಲೆಯ ಸಹೋದ್ಯೋಗಿಯೊಬ್ಬರು ದೃಷ್ಟಿ ಅಂದರು. ಪ್ರಾರ್ಥನಾ ಕೂಟದ ಒಬ್ಬರು ಮನೆಗೆ ಬಂದು, ಯಾವುದಾದರೂ ಪಾಪ ಅರಿಕೆ ಮಾಡದೆ ಉಳಿದಿದೆಯಾ ನೋಡಿಕೊ ಎಂದು ಕಿವಿಯಲ್ಲಿ ಹೇಳಿದರು. ಅವರ ಜೊತೆ ಬಂದಿದ್ದವರು, ತಪಸ್ಸುಕಾಲದಲ್ಲೇ ಬಂದಿದೆ ಎಂದರೆ ಪ್ರಭು ನಿನ್ನನ್ನು ಆರಿಸಿಕೊಂಡಿದ್ದಾನೆ, ಧನ್ಯಳು ನೀನು ಎಂದು ಕೈಹಿಡಿದುಕೊಂಡರು. ಒಬ್ಬರಿಗೆ ಇದು ಶಿಕ್ಷೆ, ಇನ್ನೊಬ್ಬರಿಗೆ ವರ. ಯಾವುದನ್ನು ನಂಬಬೇಕೋ ತಿಳಿಯದೆ ನಾನು ಹೊತ್ತುಹೊತ್ತಿಗೆ ಮಾತ್ರೆ ನುಂಗಿದೆ. ಮಾತ್ರೆ ಎರಡಕ್ಕೂ ಒಂದೇ.

ನನ್ನ ಅತ್ತೆ ತೆರೇಸಮ್ಮನಿಗೆ ಎಂಬತ್ತು ವರ್ಷ. ಅವರು ಕಾರಣ ಹುಡುಕಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ಜಪಮಾಲೆ ಎಣಿಸುತ್ತ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಯೇಸುಸ್ವಾಮಿ ಮುಖುದ್ ಮೇಲೆ ಉಗುದ್ರು. ಆವಯ್ಯ ಬಾಯ್ ಬಿಡ್ಲಿಲ್ಲ. ನಿಂಗೆ ಯಾರೂ ಉಗೀಲಿಲ್ವಲ್ಲ, ತಡ್ಕೊ," ಅಂದರು.

ಅವರು ಬಾಯಿ ಬಿಡಲಿಲ್ಲ, ನನಗೆ ಬಾಯಿ ಮುಚ್ಚಲೇ ಆಗುತ್ತಿಲ್ಲವಲ್ಲ ಅತ್ತೆ ಎಂದು ಹೇಳಲು ಹೋದೆ. ಅವರಿಗೆ ಅದು ಅರ್ಥವಾಗಲಿಲ್ಲ. ನನ್ನ ಮಾತು ಆಗ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಯಾಕೆಂದರೆ ತುಟಿ ಕೂಡಿದರೆ ಮಾತ್ರ ಹುಟ್ಟುವ ಅಕ್ಷರಗಳು ನನ್ನನ್ನು ಬಿಟ್ಟುಹೋಗಿದ್ದವು. ಪ, ಬ, ಮ ಮೂರೂ ಇಲ್ಲ. ಮಕ್ಕಳಿಗೆ ವರ್ಣಮಾಲೆ ಹೇಳಿಕೊಡುವಾಗ ಇವನ್ನು ಓಷ್ಠ್ಯ ಎನ್ನುತ್ತೇವೆ, ತುಟಿಯವು ಎಂದು ಅರ್ಥ. ಈ ಮೂರು ಹೋದರೆ ಕನ್ನಡದಲ್ಲಿ ಎಷ್ಟು ಹೋಗುತ್ತದೆ ಎಂಬುದು ನನಗೆ ಆಗ ತಿಳಿಯಿತು. ಅಪ್ಪ, ಅಮ್ಮ, ಪ್ರಭು, ಪ್ರಾರ್ಥನೆ, ಪಾಪ, ಬದುಕು, ಯಾವುದೂ ನೆಟ್ಟಗೆ ಬರುತ್ತಿರಲಿಲ್ಲ. ಎಡ ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಸುಮಾರಾಗಿ ಬರುತ್ತಿತ್ತು. ಹಾಗೆ ಬೆರಳಿಟ್ಟುಕೊಂಡು ಮಾತಾಡುವ ಟೀಚರನ್ನು ಯಾವ ಮಕ್ಕಳು ಸುಮ್ಮನೆ ಬಿಡುತ್ತಾರೆ.

ಹತ್ತು ದಿನ ರಜೆ ಹಾಕಿ, ಪರೀಕ್ಷೆ ಹತ್ತಿರ ಬಂತೆಂದು ಮಾಸ್ಕ್ ಹಾಕಿಕೊಂಡು ಶಾಲೆಗೆ ಹೋದೆ. ಒಂಬತ್ತನೇ ತರಗತಿಗೆ ಆ ವರ್ಷ ಹಳೆಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ನಾನೇ ಕಲಿಸಿದ್ದೆ. ಪಾಲು ಹಾಲಾಯಿತು, ಪೂವು ಹೂವಾಯಿತು, ಪಾವು ಹಾವಾಯಿತು. ಎರಡನೇ ದಿನ ತರಗತಿಗೆ ಕಾಲಿಟ್ಟರೆ ಹಲಗೆಯ ಮೇಲೆ ಮುದ್ದಾದ ಅಕ್ಷರದಲ್ಲಿ 'ಇಂದಿನ ಹಾಠ: ಹದ್ಯ ಭಾಗ' ಎಂದು ಬರೆದಿತ್ತು. ಐವತ್ತು ಮಕ್ಕಳು ಉಸಿರು ಬಿಗಿಹಿಡಿದು ಕುಳಿತಿದ್ದರು.

ನಿಜ ಹೇಳುತ್ತೇನೆ, ಮೊದಲ ಕ್ಷಣ ನನಗೆ ಹೆಮ್ಮೆಯಾಯಿತು. ಇಷ್ಟು ಚೆನ್ನಾಗಿ ಪಾಠ ಅರ್ಥಮಾಡಿಕೊಂಡ ತರಗತಿ ನನಗೆ ಹಿಂದೆ ಸಿಕ್ಕಿರಲಿಲ್ಲ. ಎರಡನೇ ಕ್ಷಣ, ಅದು ನನ್ನದೇ ಬಾಯಿಯ ಉಚ್ಚಾರ ಎಂದು ಹೊಳೆಯಿತು. ಬೈಯಬೇಕೆನಿಸಿತು, ಬೈಯುವುದಕ್ಕೆ ಬ ಬೇಕು. ಕ್ಷಮಿಸಿದ್ದೇನೆ ಎಂದು ದೊಡ್ಡತನದಿಂದ ಹೇಳೋಣವೆಂದರೆ ಅದಕ್ಕೆ ಮ ಬೇಕು. ಎರಡೂ ಇಲ್ಲದೆ ಹಲಗೆ ಒರೆಸಿ, ಪುಸ್ತಕ ತೆಗೆಯಿರಿ ಎಂದು ಕೈಸನ್ನೆ ಮಾಡಿದೆ. ಸ್ಟಾಫ್ ರೂಮಿಗೆ ಸುದ್ದಿ ಹೋಯಿತು. ಮೇಡಂ ಎಷ್ಟು ತಾಳ್ಮೆಯಿಂದ ನಡೆದುಕೊಂಡರು, ಅವರ ಧರ್ಮದಲ್ಲೇ ಅದಿದೆ ಎಂದು ಎಲ್ಲರೂ ಹೊಗಳಿದರು. ಇದಕ್ಕಿಂತ ಅಪ್ಪಟ ಸುಳ್ಳನ್ನು ನಾನು ಕೇಳಿಲ್ಲ. ಒಳಗೆ ನಾನು ಆ ಐವತ್ತು ಮಕ್ಕಳನ್ನೂ ಸಾಲಾಗಿ ಬೆಂಚಿನ ಮೇಲೆ ನಿಲ್ಲಿಸಿದ್ದೆ.

ತಾಳಿದವನು ಬಾಳಿಯಾನು ಎನ್ನುತ್ತಾರೆ. ನಾನು ತಾಳಿಕೊಂಡಿದ್ದೇನೋ, ಬೇರೆ ದಾರಿಯಿಲ್ಲದೆ ಸುಮ್ಮನಿದ್ದೇನೋ ಎಂಬುದು ನನಗೇ ಗೊತ್ತಾಗುತ್ತಿರಲಿಲ್ಲ. ಶುಕ್ರವಾರ ಸಂಜೆ ಅತ್ತೆಯ ಕೈಹಿಡಿದು ಚರ್ಚಿನಲ್ಲಿ ಶಿಲುಬೆ ಹಾದಿಗೆ ಹೋಗುತ್ತಿದ್ದೆ. ಪ್ರಭುವಿನ ಒಂದೊಂದು ಯಾತನೆಯ ಚಿತ್ರದ ಮುಂದೆ ನಿಂತು ಪ್ರಾರ್ಥಿಸುತ್ತ ಮುಂದೆ ಸಾಗುವ ಪದ್ಧತಿ ಅದು. ಅತ್ತೆ ಹುಟ್ಟಿದಾರಭ್ಯ ಶಿಲುಬೆ ಎನ್ನದೆ 'ಸಿಲುವೆ' ಎನ್ನುವವರು. ಮದುವೆಯಾಗಿ ಬಂದ ದಿನದಿಂದ ತಿದ್ದುತ್ತಿದ್ದೇನೆ. ಒಂದು ಶುಕ್ರವಾರ ಜನರ ಜೊತೆ ಪ್ರಾರ್ಥನೆ ಹೇಳುವಾಗ ನನ್ನ ಬಾಯಿಂದ ಬಂದದ್ದೂ ಅದೇ. ಬಕಾರ ವಕಾರವಾಗಿತ್ತು. ಅತ್ತೆ ತಿರುಗಿ ನೋಡಿ, "ಈಗ ಸರ್ಯಾಗ್ ಹೇಳ್ತಾ ಇದೀಯ ಬುಡು," ಅಂದರು. ತಮಾಷೆಯೋ ನಿಜವೋ ಅವರ ಮುಖ ನೋಡಿದರೆ ತಿಳಿಯಲಿಲ್ಲ.

ಇದಾದ ಮುಂದಿನ ವಾರ ಜಯಮ್ಮನವರ ಯಜಮಾನರು ನಂಜಪ್ಪನವರು ತೀರಿಕೊಂಡರು. ಬೆಳಗ್ಗೆ ಹಾಲು ತರಲು ಹೋದವರು ಗೇಟಿನ ಹತ್ತಿರ ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ಒಂದು ಕಾಲದಲ್ಲಿ ಆ ಬೀದಿಯೆಲ್ಲ ಅವರ ಹೊಲವಾಗಿತ್ತಂತೆ. ನಾವು ಹದಿನಾರು ವರ್ಷ ಅವರ ಮಾಳಿಗೆಯ ಮೇಲೆ ಬದುಕಿದವರು. ಕ್ರಿಸ್ಮಸ್ಸಿನ ರೋಸ್ ಕುಕ್ಕೀಸ್ ಮೊದಲು ಹೋಗುತ್ತಿದ್ದದ್ದು ಅವರಿಗೆ.

ಸಾವಿನ ಮನೆಗೆ ಮಾಸ್ಕ್ ಹಾಕಿಕೊಂಡು ಹೋಗುವುದು ಸರಿಯಲ್ಲ ಎನಿಸಿ ತೆಗೆದೆ. ಹೆಣದ ಕಾಲ ಬಳಿ ನಿಂತಾಗ ನಿಜವಾಗಿ ದುಃಖ ಒತ್ತರಿಸಿ ಬಂತು. ಅಳುವಾಗ ಮುಖ ಹಿಂಡಿಕೊಳ್ಳಬೇಕಲ್ಲ, ನನ್ನದು ಬಲಗಡೆ ಮಾತ್ರ ಹಿಂಡಿಕೊಂಡಿತು. ತುಟಿ ಕಿವಿಯ ಕಡೆಗೆ ಏರಿತು, ಹಲ್ಲು ಕಂಡಿತು. ತಲೆಯ ಬಳಿ ಕುಳಿತಿದ್ದ ಅವರ ಮಗಳು ಪವಿತ್ರ ತಲೆಯೆತ್ತಿ ನನ್ನನ್ನು ನೋಡಿದಳು. ಮಾಗಡಿಯ ಗಂಡನ ಮನೆಯಿಂದ ಆಗತಾನೇ ಬಂದಿದ್ದ ಅವಳಿಗೆ ನನ್ನ ಕಾಯಿಲೆಯ ಸುದ್ದಿ ಗೊತ್ತಿರಲಿಲ್ಲ.

"ಆಂಟಿ, ನಮ್ಮಪ್ಪನ್ ನೋಡಿ ನಗ್ತಾ ಇದೀರಾ ನೀವು?" ಅಂದಳು.

ಸುತ್ತಲಿನವರೆಲ್ಲ ತಿರುಗಿದರು. ಇಲ್ಲಮ್ಮ ಎನ್ನಬೇಕು, ಮ ಇಲ್ಲ. ನನ್ನ ಗಂಡ ಏನೋ ಹೇಳಲು ಮುಂದೆ ಬಂದರು, ಅಷ್ಟರಲ್ಲಿ ನಾನು ಸೆರಗು ಮುಖಕ್ಕೆ ಅಡ್ಡ ಹಿಡಿದು ಮೆಟ್ಟಿಲು ಹತ್ತಿ ಓಡಿದ್ದೆ. ಅದಕ್ಕೂ ಅರ್ಥ ಹುಟ್ಟಿತು. ನಗು ತಡೆಯಲಾರದೆ ಓಡಿದಳು ಎಂದು ಒಬ್ಬಿಬ್ಬರು ಅಂದುಕೊಂಡರಂತೆ.

ಮನೆಗೆ ಬಂದು ಅತ್ತೆಯ ಮುಂದೆ ಕುಳಿತು ರಂಪ ಮಾಡಿದೆ. ಶಾಲೆಯಲ್ಲಿ ಮಕ್ಕಳು ನನ್ನನ್ನು ಅಣಕಿಸಿದರು, ಸಹಿಸಿದೆ. ಬಸ್ಸಿನಲ್ಲಿ ಜನ ಮುಖ ನೋಡಿ ಪಿಸುಗುಟ್ಟಿದರು, ಸಹಿಸಿದೆ. ಈಗ ನಾನೇ ಅಣಕಿಸಿದೆ ಎನ್ನುತ್ತಿದ್ದಾರೆ, ಇದನ್ನು ಯಾವ ಲೆಕ್ಕದಲ್ಲಿ ಸಹಿಸಲಿ ಎಂದು ಬೆರಳಿನಿಂದ ತುಟಿ ಒತ್ತಿಕೊಂಡು ಕೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಹೋಗಿ ಕ್ಷಮೆ ಕೇಳು ಅಂದರು. ನಾನು ಮಾಡದ ತಪ್ಪಿಗೆ ಯಾಕೆ ಕೇಳಲಿ ಎಂದೆ.

"ನೀನು ನಗ್ಲಿಲ್ಲ, ಅದು ಸರಿ. ಆ ಮಗೀಗೆ ನೋವಾಯ್ತು, ಅದೂ ಸರಿ. ಎರಡ್ರಲ್ಲಿ ಯಾವ್ದು ದೊಡ್ದು ನೋಡ್ಕೊ," ಅಂದರು.

ನನಗೆ ನನ್ನದೇ ದೊಡ್ಡದಾಗಿ ಕಂಡಿತು. ಆದರೂ ಮೂರನೇ ದಿನ, ಹಾಲುತುಪ್ಪ ಬಿಟ್ಟು ಬಂದ ಮೇಲೆ, ಕೆಳಗೆ ಹೋಗಿ ಪವಿತ್ರಳ ಮುಂದೆ ನಿಂತೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಕನ್ನಡ ಟೀಚರ್ ಅಲ್ಲವೇ. ಅವಳು ಚೀಟಿ ಓದಿ ಮಡಚಿ ಇಟ್ಟುಕೊಂಡು ಒಳಗೆ ಹೋದಳು. ಜಯಮ್ಮನವರು ಮಾತ್ರ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ನಿನ್ನ ಬಾಯಿ ಸೊಟ್ಟ ಆಗಿರುವುದು ನನಗೆ ಗೊತ್ತಿಲ್ಲವಾ, ಅವಳ ಮಾತು ಮನಸ್ಸಿಗೆ ಹಚ್ಚಿಕೋಬೇಡ ಎಂದು ಎಲೆ ಹಾಕಿಸಿ ಊಟಕ್ಕೆ ಕೂರಿಸಿದರು. ಪಾಯಸ ಎಡಗಡೆಯಿಂದ ಸೋರಿತು. ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಸೆರಗಿನಿಂದ ನನ್ನ ಗಲ್ಲ ಒರೆಸಿದಳು.

ಇನ್ನು ಶುಭ ಶುಕ್ರವಾರದ, ಅಂದರೆ ಗುಡ್ ಫ್ರೈಡೇಯ ವಿಷಯ. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ. ಅಂದು ಮಧ್ಯಾಹ್ನ ಪ್ರಭುವಿನ ಯಾತನೆಯ ವೃತ್ತಾಂತವನ್ನು ಚರ್ಚಿನಲ್ಲಿ ಪಾತ್ರ ಹಂಚಿಕೊಂಡು ಓದುತ್ತೇವೆ. ಪ್ರಭುವಿನ ಮಾತು ಫಾದರ್‌ಗೆ. ಕಥೆ ಹೇಳುವ ಭಾಗ ಒಬ್ಬ ವಾಚಕರಿಗೆ. ಕೊಲ್ಲಿಸಿ ಎಂದು ಕೂಗುವ ಜನರ ಮಾತು ನೆರೆದ ಸಭೆಗೆಲ್ಲ. ಹನ್ನೊಂದು ವರ್ಷದಿಂದ ಕಥೆ ಹೇಳುವ ಭಾಗ ನನ್ನದು. ಇಷ್ಟು ಹೇಳಿದರೆ ಸಾಕಾಗುವುದಿಲ್ಲ. ವರ್ಷವೆಲ್ಲ ನಾನು ಯಾರ ಮನೆಯ ಸೊಸೆ, ಯಾವ ಶಾಲೆಯ ಟೀಚರ್ ಎಂದು ಓಡಾಡಿದರೂ, ಆ ಮುಕ್ಕಾಲು ಗಂಟೆ ಮಾತ್ರ ನಾನು ನಾನೇ ಆಗಿರುತ್ತಿದ್ದೆ. ಅದನ್ನು ಕಳೆದುಕೊಳ್ಳುವ ಭಯದ ಮುಂದೆ ಮುಖ ಸೊಟ್ಟ ಉಳಿಯುವ ಭಯ ಚಿಕ್ಕದಾಗಿತ್ತು.

ಶುಭ ಶುಕ್ರವಾರಕ್ಕೆ ಮೊದಲು ಬರುವ ಗರಿಗಳ ಭಾನುವಾರಕ್ಕೂ ಮುಂಚಿನ ಸೋಮವಾರ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಓದುವವರ ಪಟ್ಟಿ ಬಂತು. ನನ್ನ ಹೆಸರಿನ ಜಾಗದಲ್ಲಿ ಶೈನಿ ಎಂದಿತ್ತು. ಚಂದ್ರಾ ಲೇಔಟಿನ ಹುಡುಗಿ, ಬಿ.ಕಾಂ. ಓದುವವಳು, ಗಾಯನವೃಂದದಲ್ಲಿ ಹಾಡುತ್ತಾಳೆ. ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಮಾಧ್ಯಮ. ಕನ್ನಡದ ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುವುದನ್ನು ನಾನೇ ಕಂಡಿದ್ದೆ, ಮನೆಯಲ್ಲಿ ಹಾಗೇ ಹಾಡಿಯೂ ತೋರಿಸಿದ್ದೆ. ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಫಾದರ್ ಬಳಿ ಹೋದೆ. ಅವರು ಒಳ್ಳೆಯವರು, ಮುಜುಗರ ಪಟ್ಟುಕೊಂಡರು. ನಿಮಗೆ ಕಷ್ಟವಾಗಬಾರದು ಎಂದೇ ಹಾಗೆ ಮಾಡಿದ್ದು, ಈ ವರ್ಷ ಸಭೆಯ ನಡುವೆ ನಿಂತು ಜನರ ಭಾಗ ಓದಿ ಟೀಚರ್, ಅದೂ ಒಂದು ಸೇವೆಯೇ ಅಂದರು. ವಿನಯವೆಂದರೆ ಹಿಂದಕ್ಕೆ ಸರಿಯುವುದು ಎಂಬಂತಿತ್ತು ಅವರ ಮಾತು. ನನ್ನ ಗಂಡ, ಓದ್ತೀನಿ ಅಂತ ಹಟ ಹಿಡಿ, ಹೆಂಗಿದೀಯೋ ಹಂಗೇ ಓದು, ಅದೇ ವಿನಯ ಅಂದರು. ಸೊಟ್ಟ ಬಾಯಲ್ಲಿ ಓದಿ ಜನರ ನಗುವಿಗೆ ಈಡಾಗುವುದು ವಿನಯವೋ, ಬಾಯಿ ಮುಚ್ಚಿ ಹಿಂದಿನ ಸಾಲಿನಲ್ಲಿ ನಿಲ್ಲುವುದು ವಿನಯವೋ. ಮೊದಲನೆಯದರಲ್ಲಿ ನನಗೆ ಜಂಬದ ವಾಸನೆ ಹೊಡೆಯುತ್ತಿತ್ತು, ಎರಡನೆಯದರಲ್ಲಿ ಮುನಿಸಿನ ವಾಸನೆ. ಜಪಕ್ಕೆ ಕೂತರೂ ಇದೇ ತಿರುಗುತ್ತಿತ್ತು.

ಆ ವಾರವೇ ಶೈನಿಯಿಂದ ಮೆಸೇಜ್ ಬಂತು. ಆಂಟಿ, ನಂಗೆ ತುಂಬಾ ಭಯ ಆಗ್ತಿದೆ, ಒಂದ್ಸಲ ನಿಮ್ಮ ಮನೆಗೆ ಬಂದು ನಿಮ್ಮ ಮುಂದೆ ಓದಲಾ, ತಪ್ಪಿದ್ರೆ ಹೇಳ್ಕೊಡಿ ಎಂದು ಬರೆದಿದ್ದಳು. ನಾನು ಅದನ್ನು ನಾಲ್ಕೈದು ಸಲ ಓದಿದೆ. ಹುಷಾರಿಲ್ಲ ಎಂದು ಒಂದೇ ಪದ ಬರೆದು ಕಳಿಸಿದೆ. ಹುಷಾರಿಲ್ಲದ್ದು ನಿಜ. ಆದರೆ ಒಂದು ಹುಡುಗಿಯ ಓದನ್ನು ಕೇಳಿಸಿಕೊಳ್ಳಲು ಬೇಕಾದದ್ದು ಕಿವಿ, ಕಿವಿಗೆ ನನಗೆ ಏನೂ ಆಗಿರಲಿಲ್ಲ. ಆಯ್ತು ಆಂಟಿ, ರೆಸ್ಟ್ ಮಾಡಿ, ನಿಮಗೋಸ್ಕರ ಪ್ರೇ ಮಾಡ್ತೀನಿ ಎಂದು ಅವಳು ಉತ್ತರ ಕೊಟ್ಟಳು.

ಶುಭ ಶುಕ್ರವಾರ ಮೂರು ಗಂಟೆಗೆ ಚರ್ಚು ತುಂಬಿತ್ತು. ಅತ್ತೆಗೆ ಫ್ಯಾನಿನ ಕೆಳಗೆ ಜಾಗ ಬೇಕೆಂದು ಮೂರನೇ ಸಾಲಿನಲ್ಲಿ ಕೂತೆವು. ಮಾಸ್ಕ್ ಹಾಕಿದರೆ ಸೆಕೆಗೆ ಉಸಿರು ಕಟ್ಟುತ್ತಿತ್ತು, ತೆಗೆದು ಕೈಚೀಲಕ್ಕೆ ಹಾಕಿದೆ. ಶೈನಿ ಬಿಳಿ ಚೂಡಿದಾರದಲ್ಲಿ ಬಂದು ಮೈಕಿನ ಮುಂದೆ ನಿಂತಳು. ಮೈಕನ್ನು ಎರಡು ಸಲ ತಟ್ಟಿ ನೋಡಿದಳು. ಓದಲು ಶುರುಮಾಡಿದಳು. ನನ್ನ ಮನಸ್ಸು ಕೂತಲ್ಲಿ ಕೂರಲು ಒಪ್ಪದೆ ಅವಳ ಪ್ರತಿ ಅಕ್ಷರದ ಹಿಂದೆ ಕೆಂಪು ಪೆನ್ನು ಹಿಡಿದು ಹೊರಟಿತು. ಜನರ ಭಾಗ ಬಂದಾಗ ಸಭೆಯವರು ಎಂದಿನ ಹಾಗೆ ಗೊಣಗಿದರು, ನಾನು ಅಷ್ಟೂ ಮಾಡಲಿಲ್ಲ.

ಸೈನಿಕರು ಪ್ರಭುವಿನ ತಲೆಗೆ ಮುಳ್ಳಿನ ಕಿರೀಟ ಹಾಕುವ ಭಾಗ ಬಂತು. ಅವರು ಅವನನ್ನು ಅಪಹಾಸ್ಯ ಮಾಡಿದ್ದನ್ನು ಅಲ್ಲಿ ಓದಬೇಕು. ಶೈನಿ ಭಯದಲ್ಲಿ ಹಕಾರ ನುಂಗಿದಳು. 'ಅಪಾಸ್ಯ' ಅಂದಳು. ತಪ್ಪಾಯಿತೆಂದು ಅನುಮಾನ ಬಂದು ನಿಂತು, ಇನ್ನೊಮ್ಮೆ ಇನ್ನೂ ಗಟ್ಟಿಯಾಗಿ 'ಅಪಾಸ್ಯ' ಅಂದಳು.

ಆಸ್ಯ ಎಂದರೆ ಸಂಸ್ಕೃತದಲ್ಲಿ ಮುಖ. ಅಪ ಸೇರಿದರೆ ಕೆಟ್ಟ ಮುಖ, ಸೊಟ್ಟ ಮುಖ. ಸೈನಿಕರು ಪ್ರಭುವನ್ನು ಸೊಟ್ಟ ಮುಖ ಮಾಡಿದರು ಎಂದಾಯಿತು. ಇಡೀ ಚರ್ಚಿನಲ್ಲಿ ಇದು ಹೊಳೆದದ್ದು ನನಗೊಬ್ಬಳಿಗೇ ಇರಬೇಕು. ಹೊಟ್ಟೆಯ ಆಳದಿಂದ ನಗು ಎದ್ದು ಬಂತು. ಭಕ್ತಿಯ ಜಾಗ, ವರ್ಷದಲ್ಲೇ ದುಃಖದ ದಿನ, ಎದುರಿಗೆ ಹೆದರಿ ನಿಂತ ಮಗು, ಯಾವುದೂ ಅದನ್ನು ತಡೆಯಲಿಲ್ಲ. ನೋಡು, ನನ್ನನ್ನು ತೆಗೆದದ್ದಕ್ಕೆ ತಕ್ಕ ಶಾಸ್ತಿ ಎಂಬ ಮಾತು ನಗುವಿನ ಹಿಂದೆಯೇ ಬಂತು. ಆಗ ಎಡಗೆನ್ನೆಯಲ್ಲಿ ಇರುವೆ ಹರಿದಂತಾಯಿತು. ಕೈ ಇಟ್ಟು ನೋಡಿದೆ. ಐದು ವಾರ ಅಲ್ಲಾಡದಿದ್ದ ಎಡ ತುಟಿಯ ಮೂಲೆ ಬೆರಳಿನ ಕೆಳಗೆ ಮೆಲ್ಲಗೆ ಮೇಲಕ್ಕೆ ಸರಿಯಿತು.

ಎಷ್ಟು ಪ್ರಾರ್ಥನೆ, ಎಷ್ಟು ಮಾತ್ರೆ, ಕನ್ನಡಿಯ ಮುಂದೆ ಎಷ್ಟು ವ್ಯಾಯಾಮ. ಯಾವುದಕ್ಕೂ ಏಳದಿದ್ದ ಮುಖ ಎದ್ದದ್ದು ಇನ್ನೊಬ್ಬಳನ್ನು ಹಂಗಿಸಲು. ಅತ್ತೆಗೆ ಹೇಳೋಣವೆಂದರೆ ಅವರು ಕಣ್ಣು ಮುಚ್ಚಿದ್ದರು. ವೃತ್ತಾಂತ ಮುಗಿದ ಮೇಲೆ ಸಾಲಿನಲ್ಲಿ ಹೋಗಿ ಶಿಲುಬೆಗೆ ಮುತ್ತಿಡಬೇಕು. ಮುತ್ತಿಡಲು ತುಟಿ ಇನ್ನೂ ಕೂಡುತ್ತಿರಲಿಲ್ಲ, ಹಣೆ ತಾಗಿಸಿ ಬಂದೆ. ಸಂತೋಷಕ್ಕೋ ನಾಚಿಕೆಗೋ ಕಣ್ಣಲ್ಲಿ ನೀರು ಬರುತ್ತಿತ್ತು.

ಹೊರಗೆ ಶಾಮಿಯಾನದ ಕೆಳಗೆ ಗಂಜಿ ಕೊಡುತ್ತಿದ್ದರು. ಶೈನಿ ಜನರನ್ನು ಸರಿಸಿಕೊಂಡು ನನ್ನ ಬಳಿ ಬಂದು ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈ ಇನ್ನೂ ಒದ್ದೆಯಿತ್ತು.

"ಮಧ್ಯದಲ್ಲಿ ಒಂದ್ ಕಡೆ ಸಿಕ್ಕಾಕೊಂಡೆ ಆಂಟಿ. ಬಿಟ್ಟು ಇಳ್ದು ಓಡೋಗ್ಬಿಡೋಣ ಅನ್ನಿಸ್ತು. ಆಗ ನಿಮ್ಮುಖ ಕಾಣಿಸ್ತು. ನೀವು ನಗ್ತಾ ಇದ್ರಿ. ಪರ್ವಾಗಿಲ್ಲ ಓದು ಅಂತ ಹೇಳ್ದಂಗಾಯ್ತು. ಅದಕ್ಕೇ ಮುಗ್ಸಕ್ಕಾಯ್ತು," ಅಂದಳು.

ಅತ್ತ ಅಳುವನ್ನು ಒಬ್ಬಳು ನಗು ಎಂದಳು, ನಕ್ಕ ನಗುವನ್ನು ಇನ್ನೊಬ್ಬಳು ಪ್ರೀತಿ ಎಂದಳು. ಆಗ ಮಾಡದ ತಪ್ಪಿಗೆ ಕ್ಷಮೆ ಕೇಳಿದ್ದೆ. ಈಗ ಮಾಡಿದ ತಪ್ಪಿಗೆ ಕೃತಜ್ಞತೆ ಸಿಗುತ್ತಿತ್ತು. ನಿಜ ಹೇಳಿದರೆ ಅವಳು ಮುಂದೆ ಆ ಮೈಕಿನ ಹತ್ತಿರ ಹೋಗಲಿಕ್ಕಿಲ್ಲ. ಹೇಳದಿದ್ದರೆ ನಾನು ಕಳ್ಳಿ. ಚೆನ್ನಾಗಿ ಓದಿದೆ ಎಂದು ತುಟಿ ಒತ್ತಿಕೊಂಡು ಹೇಳಿದೆ. ಅವಳು ನನಗೆ ಗಂಜಿ ತಂದುಕೊಟ್ಟಳು, ಸೋರಬಾರದೆಂದು ಕೇಳದೆಯೇ ಚಮಚವನ್ನೂ ತಂದಳು.

ಈಗ ನನ್ನ ಮುಖ ಬಹುಪಾಲು ಸರಿಯಾಗಿದೆ. ದಣಿದಾಗ ಎಡಗಣ್ಣು ಸ್ವಲ್ಪ ಚಿಕ್ಕದಾಗುತ್ತದೆ, ನೋಡುವವರಿಗೆ ಗೊತ್ತಾಗುವುದಿಲ್ಲ. ಈ ಕಾಯಿಲೆ ಬಂದು ಕನ್ನಡಿಯ ಮುಂದೆ ನಿಂತವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲ ದಿನಗಳ ಭಯ ಹಾಗೇ ಉಳಿಯುವುದಿಲ್ಲ ಎಂದು ಹೇಳುತ್ತೇನೆ. ನೋವು ಬಂದರೆ ಮನುಷ್ಯ ತಾನಾಗಿ ಒಳ್ಳೆಯವನಾಗುತ್ತಾನೆ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ನನಗೆ ಹಾಗೇನೂ ಆಗಲಿಲ್ಲ.

ಶೈನಿ, ಇದು ನಿನ್ನ ಕೈಗೂ ಬರಬಹುದು. ನಿಧಾನವಾಗಿ ಓದಿಕೊ, ಕನ್ನಡ ಅಕ್ಷರದಲ್ಲೇ ಇದೆ. ಆ ದಿನ ನಾನು ನಿನಗೆ ಧೈರ್ಯ ಹೇಳಲು ನಗಲಿಲ್ಲ, ನಿನ್ನನ್ನು ನೋಡಿ ನಕ್ಕೆ. ನೀನು ಕೇಳಿದಾಗ ಹೇಳಿಕೊಡದೆ, ತಪ್ಪಿದಾಗ ನಕ್ಕೆ. ನನ್ನ ಮುಖ ಸರಿಹೋಗಲು ಶುರುವಾದದ್ದು ಆ ನಗುವಿನಿಂದಲೇ. ದೇವರಿಗೆ ವಂದನೆ ಹೇಳಬೇಕೋ ನಿನ್ನ ಹತ್ತಿರ ಕ್ಷಮೆ ಕೇಳಬೇಕೋ ತಿಳಿಯದೆ ಇಷ್ಟು ದಿನ ಎರಡನ್ನೂ ಮಾಡದೆ ಉಳಿದೆ.